ಮಾರುವುದಕ್ಕಲ್ಲ, ಹೆಗಲಿಗೆ ಹಾಕಿಕೊಳ್ಳುವುದಕ್ಕೆ: ಡಿಸೈನರ್ ಬ್ಯಾಗ್ ಕೊಳ್ಳುವವರಿಗೊಂದು ಮಾರ್ಗದರ್ಶಿ

ಡಿಸೈನರ್ ಹ್ಯಾಂಡ್‌ಬ್ಯಾಗ್ ಬಗ್ಗೆ ಇತ್ತೀಚೆಗೆ ಯಾವ ವಿಡಿಯೋ ನೋಡಿದರೂ ಒಂದೇ ಮಾತು. ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟ್. ನಾಳೆ ಮಾರಿದರೆ ಹಾಕಿದ ದುಡ್ಡೂ ಬರುತ್ತದೆ, ಮೇಲೆ ಲಾಭವೂ ಬರುತ್ತದೆ. ಮೈಸೂರಿನಲ್ಲಿ ಕೂತು ಇದನ್ನು ಕೇಳುವಾಗ ನನಗೆ ಅಶೋಕ ರಸ್ತೆಯ ಕಡೆ ಮನಸ್ಸು ಹೋಗುತ್ತದೆ. ಅಲ್ಲಿ ಗಿರವಿ ಅಂಗಡಿಗೆ ಎರಡು ಬಳೆ ತೆಗೆದುಕೊಂಡು ಹೋದರೆ ತೂಕ ಹಾಕಿ, ಉಜ್ಜಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ದುಡ್ಡು ಎಣಿಸುತ್ತಾರೆ. ಅದೇ ಗಾಜಿನ ಮೇಜಿನ ಮೇಲೆ ಒಂದೂವರೆ ಲಕ್ಷದ ಫ್ರೆಂಚ್ ಬ್ಯಾಗ್ ಇಟ್ಟು ನೋಡಿ. "ಒಳಗೇನಿದೆ ಮೇಡಂ?" ಅಂತ ಕೇಳುತ್ತಾರೆ.

ಮಂಡ್ಯದಲ್ಲಿರುವ ನಮ್ಮ ಸೋದರತ್ತೆಯ ಲೆಕ್ಕ ಇನ್ನೂ ಚಿಕ್ಕದು. "ಅದೇ ದುಡ್ಗೆ ಬಳೆ ಬತ್ತಿತ್ತಲ್ಲವ್ವಾ." ಅವರು ಹೇಳುವುದು ಸರಿ. ಆಸ್ತಿ ಬೇಕಿದ್ದರೆ ಬಳೆಯನ್ನೇ ಕೊಳ್ಳಬೇಕು. ಬ್ಯಾಗ್ ಬೇಕಿದ್ದರೆ ಮಾತ್ರ ಬ್ಯಾಗ್ ಕೊಳ್ಳಬೇಕು.

ಅಂಥವರಿಗಾಗಿ ಈ ಬರಹ. ಚೆಂದದ ಒಂದು ಬ್ಯಾಗ್ ಕಂಡರೆ ಆಸೆಯಾಗುವವರಿಗೆ, ಅದನ್ನು ತಂದು ದಿನಾ ಹಾಕಿಕೊಂಡು ಓಡಾಡಬೇಕು ಅನ್ನುವವರಿಗೆ. ಮಾರುವ ಯೋಚನೆ ಬಿಟ್ಟರೆ ಕೊಳ್ಳುವ ರೀತಿಯೇ ಬೇರೆಯಾಗುತ್ತದೆ. ಬಣ್ಣ, ಅಳತೆ, ಚರ್ಮ, ಕೊಳ್ಳುವ ಜಾಗ ಎಲ್ಲವೂ.

ಮೊದಲು: ಮಾರಿದರೆ ಬರುವುದು ಸೊನ್ನೆ ಎಂದು ಬರೆದುಕೊಳ್ಳಿ

ಒಂದು ಚೀಟಿಯಲ್ಲಿ ಬ್ಯಾಗಿನ ಬೆಲೆ ಬರೆಯಿರಿ. ಕೆಳಗೆ "ಮಾರಿದರೆ: 0" ಎಂದು ಬರೆಯಿರಿ. ಈ ಲೆಕ್ಕ ನೋಡಿದ ಮೇಲೂ ಬೇಕು ಅನ್ನಿಸಿದರೆ ಮುಂದಕ್ಕೆ ಹೋಗೋಣ. ಅನ್ನಿಸದಿದ್ದರೆ ದುಡ್ಡು ಉಳಿಯಿತು, ಎಫ್‌ಡಿ ಇಡಿ.

ಸೊನ್ನೆ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು, ನಿಜ. ಏನೋ ಒಂದಿಷ್ಟು ಬಂದೇ ಬರುತ್ತದೆ. ಆದರೆ ಹೊಸ ಬ್ಯಾಗಿನ ಬೆಲೆಯೊಳಗೆ ಆಮದು ಸುಂಕ, ಜಿಎಸ್‌ಟಿ, ಅಂಗಡಿ ಬಾಡಿಗೆ, ಜಾಹೀರಾತಿನ ಖರ್ಚು ಎಲ್ಲ ಸೇರಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದಕ್ಕೆಲ್ಲ ಯಾಕೆ ದುಡ್ಡು ಕೊಡುತ್ತಾರೆ? ಮಾರಿಕೊಡುವವರು ಕಮಿಷನ್ ಹಿಡಿದುಕೊಳ್ಳುತ್ತಾರೆ. ಮೂಲೆ ಸವೆದಿದೆ, ಒಳಗೆ ಪೆನ್ನಿನ ಗೀಟಿದೆ, ಡಬ್ಬಿ ಇಲ್ಲ ಅಂತ ಒಂದೊಂದಕ್ಕೂ ಕಡಿತ. ಬಹಳಷ್ಟು ಬ್ಯಾಗುಗಳ ಬೆಲೆ ಅಂಗಡಿಯ ಬಾಗಿಲು ದಾಟಿದ ಕೂಡಲೇ ಇಳಿಯುತ್ತದೆ.

ಫ್ರಾನ್ಸಿನ ಎರ್ಮೆಸ್ ಕಂಪನಿಯ ಬರ್ಕಿನ್ ಮತ್ತು ಕೆಲ್ಲಿ ಅನ್ನುವ ಬ್ಯಾಗುಗಳು ಇದಕ್ಕೆ ಹೊರತು. 1984ರಲ್ಲಿ ಬಂದ ಬರ್ಕಿನ್ ಬ್ಯಾಗನ್ನು ಇವತ್ತಿಗೂ ಅಂಗಡಿಗೆ ಹೋಗಿ ದುಡ್ಡು ಕೊಟ್ಟ ತಕ್ಷಣ ಕೊಡುವುದಿಲ್ಲ. ಬೇಕು ಅನ್ನುವವರು ಜಾಸ್ತಿ, ಮಾಡುವುದು ಕಡಿಮೆ. ಯಾರಿಗೆ ಕೊಡಬೇಕು ಎನ್ನುವುದನ್ನೂ ಅಂಗಡಿಯವರೇ ತೀರ್ಮಾನಿಸುತ್ತಾರೆ. ಅದಕ್ಕೇ ಹೊರಗೆ ಅದಕ್ಕೆ ಅಷ್ಟು ಬೆಲೆ. ಇನ್ನೊಂದು ಫ್ರೆಂಚ್ ಕಂಪನಿ ಶನೆಲ್ ಬಗ್ಗೆಯೂ ಹೀಗೇ ಹೇಳುತ್ತಾರೆ. ಅದರ ಮಧ್ಯಮ ಅಳತೆಯ ಕ್ಲಾಸಿಕ್ ಫ್ಲ್ಯಾಪ್ ಬ್ಯಾಗ್ 2019ರಲ್ಲಿ 6,000 ಡಾಲರಿಗಿಂತ ಕಡಿಮೆ ಇತ್ತು. 2024ರ ಹೊತ್ತಿಗೆ 10,000 ಡಾಲರ್ ದಾಟಿತು. ಆದರೆ ಅದು ಕಂಪನಿ ಹೊಸ ಬ್ಯಾಗಿಗೆ ಏರಿಸಿದ ಬೆಲೆ. ನಿಮ್ಮ ಬೀರುವಿನಲ್ಲಿರುವ ಬ್ಯಾಗಿಗೆ ಯಾರೋ ಅಷ್ಟು ಕೊಡುತ್ತಾರೆ ಅಂತಲ್ಲ.

ಇನ್ನು ಹರಾಜಿನ ಸುದ್ದಿಗಳು. ಗಾಯಕಿ, ನಟಿ ಜೇನ್ ಬರ್ಕಿನ್ ಸ್ವತಃ ಬಳಸುತ್ತಿದ್ದ ಮೊದಲ ಬರ್ಕಿನ್ ಬ್ಯಾಗ್ 2025ರ ಜುಲೈನಲ್ಲಿ ಪ್ಯಾರಿಸ್‌ನ ಸದಬೀಸ್ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗೆ ಹೋಯಿತು. ನಮ್ಮ ದುಡ್ಡಿನಲ್ಲಿ 80 ಕೋಟಿಗೂ ಮೇಲೆ. ಆ ಬ್ಯಾಗ್ ನೋಡಿದರೆ ತಮಾಷೆ ಅನ್ನಿಸುತ್ತದೆ. ಗೀರುಗಳು, ಸ್ಟಿಕ್ಕರ್ ಅಂಟಿಸಿದ ಗುರುತು, ಉಗುರು ಕತ್ತರಿಸುವ ನೇಲ್ ಕಟರ್ ಬೇರೆ ನೇತು ಹಾಕಿಕೊಂಡಿದ್ದರು. ಆಕೆ ಅದನ್ನು ದಿನಬಳಕೆಯ ಚೀಲದ ಹಾಗೇ ಬಳಸಿದ್ದರು. ಇದನ್ನು ಓದಿ ನಮ್ಮ ಬ್ಯಾಗಿಗೂ ಸ್ಟಿಕ್ಕರ್ ಅಂಟಿಸಿದರೆ ಬೆಲೆ ಬರುವುದಿಲ್ಲ ಬಿಡಿ. ಬ್ಯಾಗನ್ನು ಆಕೆ ನಡೆಸಿಕೊಂಡ ರೀತಿ ಮಾತ್ರ ನನಗೆ ಬಹಳ ಇಷ್ಟ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಇನ್ವೆಸ್ಟ್‌ಮೆಂಟ್ ಅಂತ ಹೇಳಿ ಒಪ್ಪಿಸಬೇಡಿ. ಹಾಗೆ ಹೇಳಿ ತಂದ ಬ್ಯಾಗನ್ನು ಮಳೆಗೆ ತೆಗೆಯಲು ಭಯ, ಮದುವೆಗೆ ಒಯ್ಯಲು ಭಯ, ನೆಲಕ್ಕೆ ಇಡಲು ಭಯ. ಕೊನೆಗೆ ಅದು ಬೀರುವಿನ ಮೇಲಿನ ಅರೆಯಲ್ಲೇ ಉಳಿಯುತ್ತದೆ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಯಲ್ಲಿ ಮೈಸೂರು ಸಿಲ್ಕ್ ಸೀರೆ ಆರಿಸುವಾಗ ಯಾರಾದರೂ "ಇದನ್ನು ಮಾರಿದರೆ ಎಷ್ಟು ಬರುತ್ತದೆ?" ಅಂತ ಕೇಳುತ್ತಾರಾ? ಅದರ ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇದ್ದರೂ ಕೇಳುವುದಿಲ್ಲ. ಉಟ್ಟು ನೋಡುತ್ತಾರೆ, ಬಣ್ಣ ಒಪ್ಪುತ್ತದಾ ಅಂತ ಕನ್ನಡಿ ನೋಡುತ್ತಾರೆ, ಬಿಲ್ ಹಾಕಿಸುತ್ತಾರೆ. ಬ್ಯಾಗನ್ನೂ ಹಾಗೇ ಕೊಳ್ಳಿ.

ದುಡ್ಡಿನ ವಿಷಯ

ಇಎಂಐನಲ್ಲಿ ಬೇಡ. ನೋ ಕಾಸ್ಟ್ ಇಎಂಐ ಅಂದರೂ ಬೇಡ. ಫ್ರಿಜ್ ಇಎಂಐನಲ್ಲಿ ತಂದರೆ ಅರ್ಥವಿದೆ, ಅದು ಬೇಕೇ ಬೇಕು. ಆಸೆಗೆ ಸಾಲ ಬೇಡ.

ಬ್ಯಾಗಿಗೆಂದೇ ಒಂದು ಆರ್‌ಡಿ ಮಾಡಿ. ತಿಂಗಳಿಗೆ 4,000 ರೂಪಾಯಿ ಹಾಕಿದರೆ ವರ್ಷಕ್ಕೆ 48,000 ಮತ್ತು ಸ್ವಲ್ಪ ಬಡ್ಡಿ. ಆಫೀಸಿನ ಚೀಟಿಯೂ ಆಗಬಹುದು, ನಂಬುವ ಜನ ಇದ್ದರೆ. ಇದರಲ್ಲಿ ಇನ್ನೊಂದು ಅನುಕೂಲವಿದೆ. ವರ್ಷ ತುಂಬುವ ಹೊತ್ತಿಗೆ ಬೇಕು ಅಂದುಕೊಂಡಿದ್ದ ಬ್ಯಾಗ್ ಮರೆತೇ ಹೋಗಿರಬಹುದು. ಹಾಗಾದರೆ ಅದು ರೀಲ್ಸ್ ಹಚ್ಚಿದ ಆಸೆ. ಇನ್ನೂ ಅದೇ ಬ್ಯಾಗ್ ಬೇಕು ಅನ್ನಿಸುತ್ತಿದ್ದರೆ ಅನುಮಾನ ಬೇಡ.

ಕೆಲವರು "ದಿನಕ್ಕೆ ಎಷ್ಟು ಬಿತ್ತು" ಅಂತ ಲೆಕ್ಕ ಹಾಕುತ್ತಾರೆ. 60,000 ರೂಪಾಯಿಯ ಬ್ಯಾಗನ್ನು ಸಾವಿರ ದಿನ ಹಾಕಿಕೊಂಡರೆ ದಿನಕ್ಕೆ 60 ರೂಪಾಯಿ, ಒಂದು ಮಸಾಲೆ ದೋಸೆಗೂ ಕಮ್ಮಿ ಅಂತ. ಇದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವ ದಾರಿ ಅಷ್ಟೇ. ದುಡ್ಡು ಹೋಗುವುದು ಒಂದೇ ದಿನ, ಒಂದೇ ಸಲ.

ತೀರಾ ದುಬಾರಿ ಬ್ಯಾಗ್ ಕೊಳ್ಳುವವರಿಗೆ ಎರಡು ಕಾನೂನು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. 10 ಲಕ್ಷ ಮೀರಿದ ಹ್ಯಾಂಡ್‌ಬ್ಯಾಗಿಗೆ 2025ರ ಏಪ್ರಿಲ್ 22ರಿಂದ ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಬ್ಯಾಗ್ ನೋಡುವ ಮುಂಚೆ ನಿಮ್ಮ ದಿನ ನೋಡಿ

ಜಾಹೀರಾತಿನ ಹೆಂಗಸು ಸ್ಕೂಟರ್ ಓಡಿಸುವುದಿಲ್ಲ. ಆಕೆ ಟಿಫನ್ ಡಬ್ಬಿ ಒಯ್ಯುವುದಿಲ್ಲ, ಬರುವಾಗ ಕರಿಬೇವು ತರುವುದಿಲ್ಲ. ನಾವು ಇದೆಲ್ಲ ಮಾಡುತ್ತೇವೆ. ಹಾಗಾಗಿ ಒಂದು ವಾರ ನೀವು ಈಗ ಬಳಸುವ ವ್ಯಾನಿಟಿ ಬ್ಯಾಗನ್ನು ದಿನಾ ರಾತ್ರಿ ಮಂಚದ ಮೇಲೆ ಸುರಿದು ನೋಡಿ. ಅದರಲ್ಲಿ ಏನಿರುತ್ತದೋ ಅದಕ್ಕೆ ಜಾಗ ಇರುವ ಬ್ಯಾಗ್ ಬೇಕು. ಮೊಬೈಲು, ಕನ್ನಡಕದ ಡಬ್ಬಿ, ಮನೆ ಕೀ, ಸಣ್ಣ ಕೊಡೆ, ಮಾತ್ರೆ, ನೀರಿನ ಬಾಟಲಿ. ಊಟದ ಡಬ್ಬಿಗೆ ಮಾತ್ರ ಬೇರೆ ಬಟ್ಟೆ ಚೀಲ ಇಟ್ಟುಕೊಳ್ಳುವುದು ಒಳ್ಳೆಯದು. ಸಾರು ಚೆಲ್ಲಿದರೆ ಯಾವ ಇಟಾಲಿಯನ್ ಚರ್ಮವೂ ತಡೆದುಕೊಳ್ಳುವುದಿಲ್ಲ.

ಸ್ಕೂಟರ್ ಓಡಿಸುವವರಿಗೆ ಅಡ್ಡಡ್ಡ ಹಾಕಿಕೊಳ್ಳುವ ಉದ್ದ ಪಟ್ಟಿಯ ಬ್ಯಾಗೇ ಸರಿ, ಮೇಲೆ ಜಿಪ್ಪು ಇರಬೇಕು. ಲೂಯಿ ವಿಟಾನ್‌ನ ನೆವರ್‌ಫುಲ್ 2007ರಲ್ಲಿ ಬಂದಾಗಿನಿಂದ ಬಹಳ ಜನಪ್ರಿಯ. ಹಗುರವಾಗಿದೆ, ಬೇಕಾದಷ್ಟು ಹಿಡಿಸುತ್ತದೆ. ಆದರೆ ಅದರ ಮೂಲ ಮಾದರಿಗೆ ಮೇಲೆ ಜಿಪ್ಪಿಲ್ಲ, ನಡುವೆ ಒಂದು ಕೊಕ್ಕೆ ಅಷ್ಟೇ. ಕಾರಿನಲ್ಲಿ ಓಡಾಡುವವರಿಗೆ ಚೆನ್ನ. ದೇವರಾಜ ಮಾರುಕಟ್ಟೆಯಲ್ಲಿ ಶುಕ್ರವಾರ ಹೂವು ಕೊಳ್ಳುವ ನೂಕುನುಗ್ಗಲಿನಲ್ಲಿ ಬಾಯಿ ತೆರೆದ ಬ್ಯಾಗ್ ಹಿಡಿದು ನಿಲ್ಲುವುದು ನನ್ನ ಕೈಲಂತೂ ಆಗದು. ಇನ್ನು ಬ್ಯಾಗನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡುವ ಅಭ್ಯಾಸ ಇದ್ದರೆ ಬಿಡಿ. ಒಳಗೆ ಎಂಜಿನ್ನಿನ ಬಿಸಿ, ಚರ್ಮ ಒಣಗಿ ಅಂಚಿನ ಬಣ್ಣ ಬಿರುಕು ಬಿಡುತ್ತದೆ.

ಸೀರೆ ಉಡುವವರು ಇನ್ನೊಂದು ವಿಷಯ ನೋಡಬೇಕು. ಸೆರಗು ಎಡ ಹೆಗಲಿಗೆ ಬರುವುದರಿಂದ ಬ್ಯಾಗ್ ಬಲ ಹೆಗಲಿಗೆ ಹೋಗುತ್ತದೆ, ಇಲ್ಲವೇ ಮುಂಗೈಗೆ. ಮುಂಗೈಗೆ ಹಾಕಿಕೊಳ್ಳುವುದಾದರೆ ಬ್ಯಾಗಿನ ಹಿಡಿ ಬಳೆಗಳಿಗೆ ಉಜ್ಜುತ್ತಲೇ ಇರುತ್ತದೆ. ಗಾಜಿನ ಬಳೆಯಿಂದ ಮೆತ್ತನೆಯ ಕುರಿಮರಿ ಚರ್ಮಕ್ಕೆ ಬೇಗ ಗೀಟು ಬೀಳುತ್ತದೆ. ಶನೆಲ್ 1955ರಲ್ಲಿ ತಂದ 2.55 ಮಾದರಿಯ ಹಾಗೆ ಸರಪಳಿ ಇರುವ ಬ್ಯಾಗ್ ಇಷ್ಟವಾದರೆ ಹೀಗೆ ಮಾಡಿ. ಅಂಗಡಿಗೆ ಹೋಗುವಾಗ ಹಳೆಯ ಕ್ರೇಪ್ ಸಿಲ್ಕ್ ದುಪಟ್ಟಾ ಹಾಕಿಕೊಂಡು ಹೋಗಿ. ಸರಪಳಿಯನ್ನು ಅದರ ಮೇಲೆ ಮೆಲ್ಲಗೆ ಎಳೆದು ನೋಡಿ. ಕೊಂಡಿಗಳು ಸೇರುವ ಕಡೆ ಸಣ್ಣ ಮುಳ್ಳಿನಂಥ ಅಂಚಿದ್ದರೆ ದಾರ ಸಿಕ್ಕಿಕೊಳ್ಳುತ್ತದೆ. ಜಿಪ್ಪಿನ ತುದಿ, ಲೋಹದ ಮೂಲೆ, ತಳದ ಗುಬಟುಗಳನ್ನೂ ಹೀಗೇ ನೋಡಿ. ದುಪಟ್ಟಾದ ಎಳೆ ಹೋದರೆ ಹೋಗಲಿ, ಮೈಸೂರು ಸಿಲ್ಕಿನದು ಉಳಿಯಿತಲ್ಲ.

ದೇವಸ್ಥಾನಕ್ಕೆ ಚರ್ಮ ಒಯ್ಯದ ಮನೆಗಳಿವೆ. ಚರ್ಮವೇ ಬೇಡ ಅನ್ನುವವರೂ ಇದ್ದಾರೆ. ಅವರು ಗಮನಿಸಬೇಕು: ಕ್ಯಾನ್ವಾಸ್ ಬ್ಯಾಗ್ ಅಂತ ಕೊಂಡರೂ ಹಿಡಿ, ಅಂಚು, ಪಟ್ಟಿ ಹೆಚ್ಚಾಗಿ ಚರ್ಮದ್ದೇ ಇರುತ್ತದೆ. ಸ್ಟೆಲ್ಲಾ ಮೆಕಾರ್ಟ್ನಿ ಬ್ರ್ಯಾಂಡ್ 2001ರಲ್ಲಿ ಶುರುವಾದಾಗಿನಿಂದ ಚರ್ಮ ಬಳಸಿಲ್ಲ. ಹಾಗೇ, ಚಾಮುಂಡಿ ಬೆಟ್ಟಕ್ಕೋ ಮೇಲುಕೋಟೆಗೋ ಹೋಗುವಾಗ ಚರ್ಮ ಯಾವುದು ಅನ್ನುವುದಕ್ಕಿಂತ ಕೋತಿಗಳ ಚಿಂತೆ ದೊಡ್ಡದು. ಕಡಲೆಕಾಯಿ ವಾಸನೆ ಬಂದರೆ ಸಾಕು, ಬ್ರ್ಯಾಂಡ್ ನೋಡಿ ಬಿಡುವ ಪ್ರಾಣಿ ಅಲ್ಲ ಅದು.

ಯಾವುದರಿಂದ ಮಾಡಿದ್ದು?

ಬೆಲೆ ಜಾಸ್ತಿ ಅಂದರೆ ಚರ್ಮ ಅಂತ ತಿಳಿಯಬೇಡಿ. ಲೂಯಿ ವಿಟಾನ್‌ನ ಪ್ರಸಿದ್ಧ ಮಾನೋಗ್ರಾಮ್ ಬ್ಯಾಗುಗಳ ಮೈ ಚರ್ಮದ್ದಲ್ಲ. ಅದು ಮೇಲೆ ಪ್ಲಾಸ್ಟಿಕ್ ಲೇಪ ಇರುವ ಕ್ಯಾನ್ವಾಸ್ ಬಟ್ಟೆ. ವಿನ್ಯಾಸ 1896ರದ್ದು. ಮಳೆಗೆ, ಗೀಟಿಗೆ ಅದು ಚೆನ್ನಾಗಿ ತಡೆಯುತ್ತದೆ. ಆದರೆ ಅದಕ್ಕೆ ಹಾಕುವ ತಿಳಿ ಬಣ್ಣದ ಹಿಡಿ ಬಣ್ಣ ಹಾಕದ ಚರ್ಮದ್ದು. ನೀರು ಬಿದ್ದರೆ ಕಲೆ, ಕೈಬೆವರಿಗೆ ಕಪ್ಪು. ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮುಂದೆ ಮಾರುವ ಯೋಚನೆ ಇರುವವರು ಹೀಗಾಗದಿರಲಿ ಅಂತ ಹಿಡಿಗೆ ಕರ್ಚೀಫು ಸುತ್ತುತ್ತಾರೆ. ನೀವು ಸುತ್ತಬೇಕಾಗಿಲ್ಲ.

ಚರ್ಮದಲ್ಲಿ ಫುಲ್ ಗ್ರೇನ್ ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದೆ ಹಾಗೇ ಉಳಿಸಿದ್ದು. ರಂಧ್ರ, ಸಣ್ಣ ಗಾಯದ ಗುರುತು ಕಾಣುತ್ತದೆ, ಬಹಳ ಕಾಲ ಬರುತ್ತದೆ. ಮೇಲ್ಮೈಯನ್ನು ಉಜ್ಜಿ, ಬಣ್ಣ ಬಳಿದು, ಅಚ್ಚೊತ್ತಿದ್ದು ಇನ್ನೊಂದು ಬಗೆ. ಪ್ರಾಡಾದಿಂದ ಹೆಸರಾದ ಸ್ಯಾಫಿಯಾನೊ ಇಂಥದ್ದು, ಮೇಲೆ ಅಡ್ಡ ಗೆರೆಗಳ ಅಚ್ಚು ಕಾಣುತ್ತದೆ. ನೋಡಲು ಸ್ವಲ್ಪ ಬಿಗಿ, ಆದರೆ ಒರೆಸಿದರೆ ಕೊಳೆ ಹೋಗುತ್ತದೆ. ಮಕ್ಕಳಿರುವ ಮನೆಗೆ ನಾನು ಇದನ್ನೇ ಹೇಳುವುದು. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ ಬಾಂಡೆಡ್ ಲೆದರ್ ಮಾತ್ರ ಬೇಡವೇ ಬೇಡ.

ಪಿಯು ಅಂದರೆ ನಾವು ರೆಕ್ಸಿನ್ ಅನ್ನುವ ಸಾಮಾನಿನ ಈಗಿನ ರೂಪ. ಗಾಳಿಯ ತೇವಕ್ಕೇ ಅದು ಒಳಗಿಂದ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿ ಇಟ್ಟರೂ ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಹಾಗಾಗಿ ಪಿಯು ಬ್ಯಾಗಿಗೆ ಚರ್ಮದ ಬೆಲೆ ಕೊಡಬೇಡಿ, ಹೆಸರು ಎಷ್ಟೇ ದೊಡ್ಡದಿರಲಿ.

ನೈಲಾನ್ ಅಂದರೆ ಮೂಗು ಮುರಿಯುವವರಿದ್ದಾರೆ. ಲಾಂಗ್‌ಶಾಂ ಕಂಪನಿ 1993ರಲ್ಲಿ ತಂದ ಲ ಪ್ಲಿಯಾಜ್, ಮಡಚಿ ಇಡಬಹುದಾದ ನೈಲಾನ್ ಚೀಲ. ಹತ್ತಿಯಷ್ಟು ಹಗುರ. ದಸರಾ ಹೊತ್ತಿನ ಮಳೆಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಹೊರದೇಶದ ಹೆಸರೇ ಬೇಕು ಅಂತೇನೂ ಇಲ್ಲ. ಪುದುಚೇರಿಯಲ್ಲಿ 1978ರಲ್ಲಿ ಶುರುವಾದ ಹೈಡಿಸೈನ್, ಮರದ ತೊಗಟೆ, ಬೀಜಗಳಂಥ ಸಸ್ಯ ಸಾಮಗ್ರಿಯಿಂದ ಹದ ಮಾಡಿದ ಚರ್ಮಕ್ಕೆ ಹೆಸರುವಾಸಿ. ನಮ್ಮ ರಾಜ್ಯ ಸರ್ಕಾರದ ಲಿಡ್ಕರ್ ಕೂಡ ಚರ್ಮದ ಬ್ಯಾಗ್ ಮಾಡುತ್ತದೆ. ವಿನ್ಯಾಸ ಸಾದಾ, ಆದರೆ ಚರ್ಮ ಚರ್ಮವೇ.

ಅಂಗಡಿಯಲ್ಲಿ

ದೊಡ್ಡ ಫ್ರೆಂಚ್, ಇಟಾಲಿಯನ್ ಬ್ರ್ಯಾಂಡುಗಳು ಬೇಕಿದ್ದರೆ ಬೆಂಗಳೂರಿಗೇ ಹೋಗಬೇಕು. ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿಯಲ್ಲಿ ಲೂಯಿ ವಿಟಾನ್ ಅಂಗಡಿ ಇದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು ಬರಬಹುದು. ವಾರದ ದಿನ ಹೋಗಿ, ಗಿರಾಕಿಗಳು ಕಡಿಮೆ ಇರುತ್ತಾರೆ. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವರನ್ನು ನೋಡಿ ಅಳುಕಬೇಡಿ. ನೋಡಿಕೊಂಡು ಸುಮ್ನೆ ಬರುವುದಕ್ಕೂ ಹೋಗಬಹುದು. ಮೊದಲ ಸಲ ಹೋದಾಗ ಕೊಳ್ಳದೇ ಬರುವುದೇ ಒಳ್ಳೆಯದು.

ನಿಮ್ಮ ಸಾಮಾನನ್ನೆಲ್ಲ ಒಂದು ಬಟ್ಟೆ ಚೀಲದಲ್ಲಿ ಒಯ್ಯಿರಿ. "ಒಮ್ಮೆ ತುಂಬಿ ನೋಡ್ತೀನಿ" ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ತುಂಬಿದ ಮೇಲೆ ಹೆಗಲಿಗೆ ಹಾಕಿಕೊಂಡು ಅಂಗಡಿಯಲ್ಲೇ ಐದು ನಿಮಿಷ ಓಡಾಡಿ. ಖಾಲಿ ಬ್ಯಾಗೇ ಒಂದು ಕಿಲೋ ಇದ್ದರೆ ತುಂಬಿದ ಮೇಲೆ ಕುತ್ತಿಗೆ ಹೇಳುತ್ತದೆ. ಪಟ್ಟಿಯೊಳಗೆ ತೋಳು ಸಲೀಸಾಗಿ ಹೋಗಬೇಕು. ಚೂಡಿದಾರಕ್ಕೆ ಸರಿ ಅನ್ನಿಸಿದ್ದು ಚಳಿಗಾಲದ ಸ್ವೆಟರ್ ಮೇಲೆ ಬಿಗಿಯಾಗಬಹುದು.

ಆಮೇಲೆ ತಲೆಕೆಳಗು ಮಾಡಿ ನೋಡಿ. ಪಟ್ಟಿ ಬ್ಯಾಗಿಗೆ ಸೇರುವ ಜಾಗ ಮುಖ್ಯ, ಎಲ್ಲ ಭಾರ ಅಲ್ಲಿ ಬೀಳುತ್ತದೆ. ಹೊಲಿಗೆಗಳು ಒಂದೇ ಅಂತರದಲ್ಲಿವೆಯಾ? ಕೊನೆಯಲ್ಲಿ ಹಿಂದಕ್ಕೆ ಒಂದೆರಡು ಹೊಲಿಗೆ ಹಾಕಿ ಭದ್ರ ಮಾಡಿದ್ದಾರಾ? ದಾರದ ತುದಿ ನೇತಾಡುತ್ತಿದೆಯಾ? ಅಂಚಿನ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಸವರಿ, ನುಣ್ಣಗಿರಬೇಕು, ಗುಳ್ಳೆ ಇರಬಾರದು. ಜಿಪ್ಪನ್ನು ಮೂಲೆಯ ತಿರುವಿನಲ್ಲಿ ಒಂದೇ ಕೈಯಲ್ಲಿ ಎಳೆಯಿರಿ. ಬಸ್ಸಿನಲ್ಲಿ ಇನ್ನೊಂದು ಕೈ ಕಂಬಿ ಹಿಡಿದಿರುತ್ತದೆ ಅಲ್ವಾ? ಅಲ್ಲಿ ಸಿಕ್ಕಿಕೊಂಡರೆ ದಿನಾ ಸಿಕ್ಕಿಕೊಳ್ಳುತ್ತದೆ.

ಬಣ್ಣವನ್ನು ಬಾಗಿಲ ಬಳಿ ತಂದು ಹಗಲು ಬೆಳಕಿನಲ್ಲಿ ನೋಡಿ. "ಕಪ್ಪು ತಗೊಳ್ಳಿ ಮೇಡಂ, ರೀಸೇಲ್ ಚೆನ್ನಾಗಿದೆ" ಅಂತ ಸೇಲ್ಸ್‌ನವರೇ ಹೇಳುವುದುಂಟು. ನಿಮಗೆ ಗಿಣಿ ಹಸಿರು ಇಷ್ಟವಾದರೆ ಗಿಣಿ ಹಸಿರೇ ಕೊಳ್ಳಿ. ಹೆಸರಿನ ಮೊದಲಕ್ಷರ ಅಚ್ಚು ಹಾಕಿಕೊಡುವ ಬ್ರ್ಯಾಂಡುಗಳಿವೆ. ಮಾರುವವರು ಅದನ್ನು ಮಾಡಿಸುವುದಿಲ್ಲ, ಬೇರೆಯವರ ಇನಿಷಿಯಲ್ ಯಾರಿಗೆ ಬೇಕು? ನೀವು ಧಾರಾಳವಾಗಿ ಹಾಕಿಸಿ.

ಬೇರೆ ದಾರಿಗಳು: ಅಮೆರಿಕದ ನೆಂಟರು, ಸೆಕೆಂಡ್ ಹ್ಯಾಂಡ್, ಫಸ್ಟ್ ಕಾಪಿ

ಕುವೆಂಪುನಗರದ ಒಂದೊಂದು ಬೀದಿಯಲ್ಲೂ ಅಮೆರಿಕದಲ್ಲಿರುವ ಮಗನೋ ಮಗಳೋ ಇದ್ದಾರೆ. ಬರುವಾಗ ಕೋಚ್ ಅಥವಾ ಮೈಕಲ್ ಕೋರ್ಸ್ ಬ್ಯಾಗ್ ಬರುತ್ತದೆ. ಅಲ್ಲಿನ ಔಟ್‌ಲೆಟ್ ಮಳಿಗೆಯಲ್ಲಿ ಸಿಗುವುದರಲ್ಲಿ ಬಹಳಷ್ಟು ಔಟ್‌ಲೆಟ್ಟಿಗೆಂದೇ ಬೇರೆಯಾಗಿ ಮಾಡಿದ ಬ್ಯಾಗುಗಳು. ಚೀಟಿಯಲ್ಲಿ ಹೊಡೆದು ಹಾಕಿರುವ ದೊಡ್ಡ ಬೆಲೆಗೆ ಅವು ಯಾವತ್ತೂ ಮಾರಾಟವಾಗಿರಬೇಕೆಂದಿಲ್ಲ. ಇಷ್ಟವಾದರೆ ತರಿಸಿ, ಕಡಿತ ಎಷ್ಟು ಅಂತ ನೋಡಬೇಡಿ, ಕೊಡುವ ದುಡ್ಡು ನೋಡಿ. ನೀವೇ ಯುರೋಪಿಗೆ ಹೋಗಿ ಕೊಂಡರೆ ಅಲ್ಲಿನ ತೆರಿಗೆಯಲ್ಲಿ ಒಂದು ಭಾಗ ವಿಮಾನ ನಿಲ್ದಾಣದಲ್ಲಿ ವಾಪಸ್ ಬರುತ್ತದೆ. ಫ್ರಾನ್ಸ್‌ನಲ್ಲಿ ವ್ಯಾಟ್ ಶೇ. 20. ಕೈಗೆ ಬರುವುದು ಸುಮಾರು ಶೇ. 12. ಆದರೆ ಇಲ್ಲಿ ಇಳಿದಾಗ ಸುಂಕವಿಲ್ಲದೆ ತರಬಹುದಾದ ಮಿತಿ ಇದೆ. ಮೀರಿದರೆ ಘೋಷಿಸಿ ಸುಂಕ ಕಟ್ಟಬೇಕು. ಹೊರಡುವ ಮುಂಚೆ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಆ ಹೊತ್ತಿನ ಮಿತಿ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ನಮ್ಮಲ್ಲಿ ಹಿಂಜರಿಕೆ ಜಾಸ್ತಿ. ನನ್ನ ಪ್ರಕಾರ, ಮಾರುವ ಯೋಚನೆ ಇಲ್ಲದವರಿಗೆ ಇದೇ ಒಳ್ಳೆಯ ದಾರಿ. ಹೊಸದು ಕೊಂಡವರು ಕಳೆದುಕೊಂಡ ದುಡ್ಡು ನಿಮಗೆ ಉಳಿತಾಯ. ಆದರೆ ಫೋಟೋ ಕೇಳಿ ತರಿಸಿಕೊಳ್ಳುವುದು ನಿಮ್ಮ ಕೆಲಸ. ನಾಲ್ಕೂ ಮೂಲೆ, ಹಿಡಿಯ ಕೆಳಭಾಗ, ಒಳಜೇಬು, ಜಿಪ್ಪಿನ ಎರಡೂ ತುದಿ, ತಳ. ಹಳೆಯ ಕೆಲವು ಬ್ಯಾಗುಗಳ ಒಳಗಿನ ಲೈನಿಂಗ್ ಅಂಟಂಟಾಗಿ ಪುಡಿ ಉದುರುತ್ತದೆ. ಅದನ್ನು ಬಿಚ್ಚಿ ಹೊಸದು ಹಾಕಿಸುವುದು ದುಬಾರಿ. ವಾಸನೆ ಫೋಟೋದಲ್ಲಿ ಬರುವುದಿಲ್ಲ, ಹಾಗಾಗಿ ವಾಪಸ್ ತೆಗೆದುಕೊಳ್ಳುವ ಕಡೆಯೇ ಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಮುಗ್ಗಲು ವಾಸನೆ ಇದ್ದರೆ ಅವತ್ತೇ ಹಿಂದಕ್ಕೆ ಕಳಿಸಿ. ಅದು ಹೋಗುವುದಿಲ್ಲ.

ಫಸ್ಟ್ ಕಾಪಿ, ಮಿರರ್ ಕಾಪಿ ಅಂತ ವಾಟ್ಸಪ್ಪಿನಲ್ಲಿ ಬರುವುದು ನಕಲಿ ಮಾಲು. ಟ್ರೇಡ್ ಮಾರ್ಕ್ ಕಾಯ್ದೆಯಡಿ ಅಂಥದ್ದನ್ನು ಮಾರುವುದು ಜೈಲಿಗೆ ಹೋಗುವ ಅಪರಾಧ. ಅದು ಒಂದು ಕಡೆ ಇರಲಿ. ಚೆಂದಕ್ಕೆ ಬ್ಯಾಗ್ ಬೇಕು ಅನ್ನುವವರಿಗೆ ಸುಳ್ಳು ಹೆಸರು ಯಾಕೆ ಬೇಕು? ಅದೇ 8,000 ರೂಪಾಯಿಗೆ ಯಾವ ಹೆಸರೂ ಇಲ್ಲದ ಒಳ್ಳೆಯ ಚರ್ಮದ ಬ್ಯಾಗ್ ಬರುತ್ತದೆ. ಅಸಲಿ ಅಂತ ನಂಬಿ ಮೋಸಹೋಗದಿರಲು ಕೆಲವು ಗುರುತುಗಳು ತಿಳಿದಿರಲಿ. ಲೂಯಿ ವಿಟಾನ್ ಡಿಸ್ಕೌಂಟ್ ಸೇಲ್ ಮಾಡುವುದಿಲ್ಲ, "ಅರ್ಧ ಬೆಲೆ" ಅಂದರೆ ಅಲ್ಲಿಗೇ ಬಿಡಿ. 2021ರಿಂದ ಅದು ಹೊಸ ಬ್ಯಾಗುಗಳಲ್ಲಿ ಡೇಟ್ ಕೋಡ್ (ಯಾವಾಗ, ಎಲ್ಲಿ ಮಾಡಿದ್ದು ಅಂತ ಹೇಳುವ ಅಕ್ಷರ, ಅಂಕಿಗಳ ಗುರುತು) ಬದಲು ಒಳಗೆ ಚಿಪ್ ಇಡುತ್ತಿದೆ. "ಹೋದ ವರ್ಷ ಕೊಂಡಿದ್ದು, ಡೇಟ್ ಕೋಡ್ ನೋಡಿ" ಅಂದರೆ ಅನುಮಾನ ಪಡಿ. ಶನೆಲ್ ತನ್ನ ಹ್ಯಾಂಡ್‌ಬ್ಯಾಗುಗಳನ್ನು ಆನ್‌ಲೈನಿನಲ್ಲಿ ಮಾರುವುದೇ ಇಲ್ಲ.

ಮನೆಗೆ ಬಂದ ಮೇಲೆ

ಬಿಲ್ ಮತ್ತು ವಾರಂಟಿ ಕಾರ್ಡ್ ಎತ್ತಿಡಿ, ರಿಪೇರಿಗೆ ಬೇಕಾಗುತ್ತದೆ. ಜೊತೆಗೆ ಬಂದ ಬಟ್ಟೆ ಚೀಲ ಉಳಿಸಿಕೊಳ್ಳಿ. ಗಟ್ಟಿ ಡಬ್ಬಿಯನ್ನು "ಫುಲ್ ಸೆಟ್" ಅಂತ ಕಾಯುವುದು ಮಾರುವವರ ಕೆಲಸ. ನಮ್ಮ ಮನೆಯಲ್ಲಿ ಅಂಥ ಡಬ್ಬಿಯಲ್ಲಿ ನವರಾತ್ರಿಯ ಗೊಂಬೆಗಳಿವೆ. ಪಟ್ಟದ ಗೊಂಬೆಯ ಜೋಡಿ ಹತ್ತಿಯ ಜೊತೆ ಅದರಲ್ಲಿ ಸರಿಯಾಗಿ ಕೂರುತ್ತದೆ.

ನಮ್ಮ ಕಡೆ ಬ್ಯಾಗಿನ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿದ ಬೀರು, ಗೋಡೆಗೆ ಒತ್ತಿದ ವಾರ್ಡ್‌ರೋಬು, ಒಳಗೆ ಪ್ಲಾಸ್ಟಿಕ್ ಕವರು. ಬೂಷ್ಟಿಗೆ ಇನ್ನೇನು ಬೇಕು? ಪ್ಲಾಸ್ಟಿಕ್ ತೆಗೆದು ಹತ್ತಿ ಬಟ್ಟೆಯ ಚೀಲದಲ್ಲಿಡಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗೆ ಹಾಕಿ. ಆಕಾರ ಉಳಿಯಲು ಹಳೆಯ ಬನಿಯನ್ ತುರುಕಿ. ಪೇಪರ್ ಬೇಡ, ಮಸಿ ಲೈನಿಂಗಿಗೆ ಹತ್ತುತ್ತದೆ. ನುಸಿಗುಳಿಗೆಯನ್ನು ಬ್ಯಾಗಿನೊಳಗೆ ಹಾಕಿದರೆ ವಾಸನೆ ವರ್ಷಗಟ್ಟಲೆ ಇರುತ್ತದೆ. ಬಿಳಿ ಬೂಷ್ಟು ಕಂಡರೆ ಹೊರಗೆ ತಂದು ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ, ಚರ್ಮ ಬಿರುಸಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ, ವಾರಕ್ಕೊಮ್ಮೆಯಾದರೂ ಹಾಕಿಕೊಂಡು ಹೊರಗೆ ಹೋಗುವುದು.

ಚರ್ಮಕ್ಕೆ ಹೊಳಪು ಬರಲಿ ಅಂತ ತೆಂಗಿನೆಣ್ಣೆ ಸವರುವವರಿದ್ದಾರೆ. ಬೇಡ. ಕಲೆ ಉಳಿಯುತ್ತದೆ, ಧೂಳು ಅಂಟುತ್ತದೆ. ಲೆದರ್ ಕಂಡಿಷನರ್ ಅಂತಲೇ ಸಿಗುತ್ತದೆ, ವರ್ಷಕ್ಕೆ ಒಂದೆರಡು ಸಲ ತೆಳ್ಳಗೆ ಸವರಿದರೆ ಸಾಕು. ಸ್ಯಾನಿಟೈಸರ್ ಕೈಯಲ್ಲಿ ಹಿಡಿ ಮುಟ್ಟಬೇಡಿ, ಮೇಲಿನ ಪಾಲಿಶ್ ಕಿತ್ತು ಬರುತ್ತದೆ. ದೇವಸ್ಥಾನದ ಕುಂಕುಮವನ್ನು ಪೇಪರ್ ಪೊಟ್ಟಣದಲ್ಲೇ ಒಳಗೆ ಹಾಕಿದರೆ ಲೈನಿಂಗ್ ಕೆಂಪಾಯಿತು ಅಂತಲೇ ಲೆಕ್ಕ. ಸಣ್ಣ ಸ್ಟೀಲ್ ಡಬ್ಬಿ ಒಂದು ಇರಲಿ. ಹೊಸ ಕಡುನೀಲಿ ಜೀನ್ಸ್ ಜೊತೆ ಬಿಳಿ ಬ್ಯಾಗ್ ಬೇಡ.

ಜಿಪ್ಪಿನ ರನ್ನರ್ ಹೋದರೆ, ಹೊಲಿಗೆ ಬಿಟ್ಟರೆ ಮೊದಲು ಕಂಪನಿಯವರನ್ನು ಕೇಳಿ. ಹೊರಗೆ ರಿಪೇರಿ ಮಾಡಿಸಿದ ಬ್ಯಾಗನ್ನು ಆಮೇಲೆ ಅವರು ಮುಟ್ಟದೇ ಇರಬಹುದು. ಅವರು ಹೇಳುವ ದುಡ್ಡು, ಕಾಯುವ ತಿಂಗಳು ಜಾಸ್ತಿ ಅನ್ನಿಸಿದರೆ ಊರಿನಲ್ಲೇ ಸೂಟ್‌ಕೇಸ್, ಬ್ಯಾಗ್ ರಿಪೇರಿ ಮಾಡುವ ಅಂಗಡಿಗಳಿವೆ. ಅವರು ಮಾಡಿದ ಬೇರೆ ಕೆಲಸ ನೋಡಿ ಕೊಡಿ. ಹೊಲಿಗೆ ಹಳೆಯ ತೂತುಗಳಲ್ಲೇ ಬರಲಿ, ದಾರ ಅಷ್ಟೇ ದಪ್ಪ ಇರಲಿ ಅಂತ ಬಾಯಿ ಬಿಟ್ಟು ಹೇಳಿ. ಹೊಸ ತೂತು ಬಿದ್ದರೆ ಚರ್ಮ ಅಲ್ಲಿಂದಲೇ ಹರಿಯುತ್ತದೆ.

ಕೆಲವು ವರ್ಷ ಆದ ಮೇಲೆ ಬೇಸರ ಬರಬಹುದು, ಬರಲಿ. ಮಾರಲು ಫೋಟೋ ತೆಗೆದು, ಚೌಕಾಸಿ ಮಾಡುವವರಿಗೆಲ್ಲ ಉತ್ತರ ಕೊಟ್ಟು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಅಕ್ಕನ ಮಗಳು "ಚಿಕ್ಕಮ್ಮ, ಚೆನ್ನಾಗಿದೆ" ಅಂತ ಎಷ್ಟು ಸಲ ಹೇಳಿದ್ದಾಳೆ ನೆನಪು ಮಾಡಿಕೊಳ್ಳಿ. ಅವಳಿಗೇ ಕೊಡಿ. ಜಿಪ್ಪು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತೋರಿಸಿಕೊಡಿ. ಕೊಡುವ ಮುಂಚೆ ಒಳಜೇಬನ್ನು ಚೆನ್ನಾಗಿ ತಡಕಿ. ಬ್ಯಾಂಕ್ ಲಾಕರಿನ ಕೀ ಅಲ್ಲೇ ಇರುವುದು ಹೊಸದೇನಲ್ಲ.